ಬಿರುಬೇಸಿಗೆಯಲ್ಲಿ ದನಕರುಗಳು: ಕೋಲಾರ ಸೀಮೆಯ ಹಸು ಬಿಸಿಲನ್ನು ತಾಳಿಕೊಳ್ಳುವ ಬಗೆ

ಹಸು ಬಿಸಿಲನ್ನು ತಾಳಿಕೊಳ್ಳಲು ಪ್ರಕೃತಿ ಅದಕ್ಕೆ ನಾಲ್ಕು ದಾರಿ ಕೊಟ್ಟಿದೆ. ಅದು ನೆರಳು ಹುಡುಕಿಕೊಂಡು ಹೋಗುತ್ತದೆ. ಬಾಯಾರಿದಾಗ ನೀರಿರುವಲ್ಲಿಗೆ ನಡೆಯುತ್ತದೆ. ಮಧ್ಯಾಹ್ನ ಮೇಯುವುದನ್ನು ಬಿಟ್ಟು ಬೆಳಗಿನ ಮತ್ತು ಸಂಜೆಯ ತಂಪು ಹೊತ್ತಿನಲ್ಲಿ ಮೇಯುತ್ತದೆ. ಇಷ್ಟಾದರೂ ಮೈ ಕಾದರೆ ಬೆವರುತ್ತದೆ, ಏದುಸಿರು ಬಿಡುತ್ತದೆ. ಮೊದಲ ಮೂರು ದಾರಿಗಳು ಬಿಡುವಾಗಿ ತಿರುಗಾಡುವ ಹಸುವಿಗೆ ಮಾತ್ರ ಸಾಧ್ಯ. ಗೂಟಕ್ಕೆ ಕಟ್ಟಿದ ಹಸುವಿಗೆ ಉಳಿಯುವುದು ನಾಲ್ಕನೆಯದೊಂದೇ. ಆದ್ದರಿಂದ ಹಸುವನ್ನು ಕಟ್ಟಿದವರು ಆ ಮೂರು ಕೆಲಸಗಳನ್ನು ಅದರ ಪರವಾಗಿ ತಾವೇ ಮಾಡಬೇಕಾಗುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಇಂದು ಬಹುಪಾಲು ಹಾಲಿನ ಹಸುಗಳು ಕಟ್ಟಿ ಸಾಕುವ ಹಸುಗಳೇ. ಹಸು ಸಾಕುವ ಮನೆಯವರಿಗೂ, ಗೋಶಾಲೆಗಳಿಗೆ ನೆರವಾಗುವ ಸಮಾಜ ಬಾಂಧವರಿಗೂ ಉಪಯೋಗವಾಗಲೆಂದು ಈ ಭಾಗವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ಮಾಹಿತಿ ನೀಡಲಾಗಿದೆ.

ಕೋಲಾರದ ಬಿಸಿಲು

ಕಲಬುರಗಿ, ರಾಯಚೂರುಗಳಿಗೆ ಹೋಲಿಸಿದರೆ ಕೋಲಾರದ ಬೇಸಿಗೆ ಸೌಮ್ಯ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಈ ಪ್ರದೇಶದಲ್ಲಿ ಏಪ್ರಿಲ್–ಮೇ ತಿಂಗಳ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 34ರಿಂದ 37 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕೆಲವು ವರ್ಷ ಇದು ಇನ್ನೂ ಏರುತ್ತದೆ. ಪಕ್ಕದ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ ದಾಖಲಾಯಿತು. 2024ರ ಬೇಸಿಗೆ ಇನ್ನೊಂದು ಕಾರಣಕ್ಕೂ ಕಠಿಣವಾಗಿತ್ತು. ಹಿಂದಿನ ವರ್ಷದ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಬಿಸಿಲು, ನೀರಿನ ಕೊರತೆ, ಮೇವಿನ ಕೊರತೆ ಮೂರೂ ಒಟ್ಟಿಗೆ ಬಂದಿದ್ದವು.

"ನಮ್ಮಲ್ಲಿ ಅಂಥ ಬಿಸಿಲೇನೂ ಇಲ್ಲ" ಎಂಬ ಮಾತು ಈ ಕಡೆ ಸಾಮಾನ್ಯ. ಮನುಷ್ಯರ ಮಟ್ಟಿಗೆ ಅದು ನಿಜವಿರಬಹುದು, ಹೆಚ್ಚು ಹಾಲು ಕೊಡುವ ಹಸುವಿನ ಮಟ್ಟಿಗೆ ಅಲ್ಲ. ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ತಳಿ ಚಳಿ ದೇಶದ್ದು. 25 ಡಿಗ್ರಿ ದಾಟುತ್ತಿದ್ದಂತೆಯೇ ಅದಕ್ಕೆ ಸೆಕೆ ಶುರುವಾಗುತ್ತದೆ. ಅಂದರೆ ನಾವು ಹಿತವೆಂದು ಭಾವಿಸುವ ಹೊತ್ತಿಗೇ ಅದರ ಕಷ್ಟ ಆರಂಭವಾಗಿರುತ್ತದೆ.

ಪಶುವಿಜ್ಞಾನಿಗಳು ಬರೀ ಉಷ್ಣಾಂಶವನ್ನು ನೋಡದೆ, ಉಷ್ಣಾಂಶ ಮತ್ತು ಗಾಳಿಯ ತೇವಾಂಶ ಎರಡನ್ನೂ ಸೇರಿಸಿದ ಸೂಚ್ಯಂಕವನ್ನು ಲೆಕ್ಕ ಹಾಕುತ್ತಾರೆ. ಈ ಸೂಚ್ಯಂಕ 72 ದಾಟಿದರೆ ಹೆಚ್ಚು ಹಾಲಿನ ಹಸುವಿಗೆ ಒತ್ತಡ ಆರಂಭವಾಯಿತೆಂದು ಅರ್ಥ. 24 ಡಿಗ್ರಿ ಬಿಸಿ, ಶೇ. 70 ತೇವಾಂಶ ಇದ್ದರೇ ಸೂಚ್ಯಂಕ 72 ಮುಟ್ಟುತ್ತದೆ. 36 ಡಿಗ್ರಿ ಬಿಸಿ, ಶೇ. 30 ತೇವಾಂಶದ ಒಣ ಮಧ್ಯಾಹ್ನದಲ್ಲಿ ಅದು 82ರ ಆಸುಪಾಸು. ಮೇ ತಿಂಗಳಲ್ಲಿ ಒಂದು ಮಳೆ ಬಿದ್ದು ಉಷ್ಣಾಂಶ 34ಕ್ಕೆ ಇಳಿದು, ತೇವಾಂಶ ಶೇ. 55ಕ್ಕೆ ಏರಿತೆನ್ನಿ. ಆಗ ಸೂಚ್ಯಂಕ 84 ದಾಟುತ್ತದೆ. ಮಳೆ ಬಂದು ತಂಪಾಯಿತೆಂದು ನಾವು ನೆಮ್ಮದಿಪಡುವ ಮರುದಿನವೇ ಹಸು ಹೆಚ್ಚು ಬಳಲುವುದು ಇದರಿಂದಾಗಿ. ತೇವವಾದ ಗಾಳಿಯಲ್ಲಿ ಬೆವರು ಆರುವುದಿಲ್ಲ.

ಮೈಬಿಸಿ ಎಲ್ಲಿಂದ ಬರುತ್ತದೆ, ಹೇಗೆ ಹೋಗುತ್ತದೆ

ಹಸುವಿನ ಮೈ ಕಾಯುವುದು ಬಿಸಿಲಿನಿಂದ ಮಾತ್ರವಲ್ಲ. ಅದರ ಹೊಟ್ಟೆಯ ಮೊದಲ ಕೋಣೆಯಲ್ಲಿ ಮೇವು ಹುದುಗುವಾಗ ಸಾಕಷ್ಟು ಶಾಖ ಹುಟ್ಟುತ್ತದೆ. ಹೆಚ್ಚು ಹಾಲು ಕೊಡುವ ಹಸು ಹೆಚ್ಚು ತಿನ್ನುತ್ತದೆ, ಹೆಚ್ಚು ಶಾಖ ಉತ್ಪಾದಿಸುತ್ತದೆ. ಬಿಸಿಲೇರಿದಾಗ ಹಸು ಮೇವು ಬಿಡುವುದು ಹಟದಿಂದಲ್ಲ. ಒಳಗಿನ ಒಲೆಯ ಉರಿಯನ್ನು ತಗ್ಗಿಸಲು ಅದಕ್ಕೆ ಗೊತ್ತಿರುವ ಉಪಾಯ ಅದು.

ತಂಪು ಹೊತ್ತಿನಲ್ಲಿ ಮೈಯ ಶಾಖ ತಾನಾಗಿ ಗಾಳಿಗೆ, ನೆಲಕ್ಕೆ ಹೋಗುತ್ತದೆ. ಗಾಳಿಯ ಬಿಸಿ ಮೈಬಿಸಿಗೆ ಹತ್ತಿರವಾದಾಗ ಆ ದಾರಿ ಮುಚ್ಚುತ್ತದೆ. ಆಮೇಲೆ ಉಳಿಯುವುದು ಬೆವರು ಮತ್ತು ಉಸಿರಿನ ಮೂಲಕ ನೀರನ್ನು ಆವಿ ಮಾಡುವುದೊಂದೇ. ಹಸು ಬೆವರುತ್ತದೆ, ಆದರೆ ಕುದುರೆಯಷ್ಟು, ಮನುಷ್ಯನಷ್ಟು ಅಲ್ಲ. ಕೊರತೆಯನ್ನು ಏದುಸಿರಿನಿಂದ ತುಂಬಿಕೊಳ್ಳುತ್ತದೆ. ಗಾಳಿ ಮೈಗೆಲ್ಲ ತಾಗಲೆಂದು ಮಲಗದೆ ನಿಂತೇ ಇರುತ್ತದೆ. ದಿನಕ್ಕೆ 10–12 ಗಂಟೆ ಮಲಗಿ ಮೆಲುಕು ಹಾಕಬೇಕಾದ ಪ್ರಾಣಿ ಗಂಟೆಗಟ್ಟಲೆ ನಿಂತರೆ ಕಾಲು ನೋಯುತ್ತದೆ, ಹಾಲು ಇಳಿಯುತ್ತದೆ.

ಹಗಲು ಮೈಯಲ್ಲಿ ಕೂಡಿಟ್ಟ ಬಿಸಿಯನ್ನು ಹಸು ರಾತ್ರಿ ಇಳಿಸಿಕೊಳ್ಳುತ್ತದೆ. ಇಲ್ಲಿ ಕೋಲಾರ ಸೀಮೆಗೆ ಒಂದು ಅನುಕೂಲವಿದೆ. ಎತ್ತರದ ಪ್ರದೇಶವಾದ್ದರಿಂದ ಕಡುಬೇಸಿಗೆಯಲ್ಲೂ ನಸುಕಿನ ಹೊತ್ತಿಗೆ ಉಷ್ಣಾಂಶ 22 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆದರೆ ಕಳ್ಳರ ಭಯಕ್ಕೆ ಬಾಗಿಲು ಹಾಕಿದ ತಗಡಿನ ಕೊಟ್ಟಿಗೆಯೊಳಗೆ ಆ ತಂಪು ಬರುವುದಿಲ್ಲ. ಕಾವಲಿಗೆ ಅನುಕೂಲವಿರುವಲ್ಲಿ ರಾತ್ರಿ ಹಸುವನ್ನು ಮನೆಯ ಮುಂದಿನ ಬಯಲಿನಲ್ಲಿ ಕಟ್ಟುವುದು ಖರ್ಚಿಲ್ಲದ ದೊಡ್ಡ ಉಪಕಾರ.

ನಾಟಿ ಹಸು, ಸೀಮೆ ಹಸು, ಎಮ್ಮೆ

ಹಳ್ಳಿಕಾರ್, ಅಮೃತಮಹಲ್‌ನಂಥ ನಾಟಿ ತಳಿಗಳ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಹೆಚ್ಚು, ದೊಡ್ಡವು ಕೂಡ. ಕೂದಲು ಗಿಡ್ಡ, ನಯ. ಸಡಿಲವಾದ ಚರ್ಮ, ಜೋಲುವ ಗಂಗೆದೊಗಲು ಇವುಗಳಿಂದ ಗಾಳಿಗೆ ತೆರೆದ ಮೈ ಹೆಚ್ಚು. ಹಾಲು ಕಡಿಮೆಯಾದ್ದರಿಂದ ಒಳಗೆ ಹುಟ್ಟುವ ಶಾಖವೂ ಕಡಿಮೆ. ಹೀಗಾಗಿ ಸೀಮೆ ಹಸು ಏದುಸಿರು ಬಿಡುವ ಹೊತ್ತಿನಲ್ಲೂ ನಾಟಿ ಹಸು ಮೆಲುಕು ಹಾಕುತ್ತಿರುತ್ತದೆ. ಮುಳಬಾಗಿಲು ತಾಲ್ಲೂಕಿನ ಆವಣಿ ಜಾತ್ರೆಗೆ ಬರುವ ಎತ್ತುಗಳನ್ನು ನೋಡಿದವರಿಗೆ ಈ ಮೈಕಟ್ಟಿನ ಪರಿಚಯವಿರುತ್ತದೆ. ಹಾಗೆಂದು ನಾಟಿ ಹಸುವನ್ನು ಬಿಸಿಲಿಗೆ ಬಿಟ್ಟರೆ ಏನೂ ಆಗದೆಂದು ತಿಳಿಯಬಾರದು. ಅದರ ತಾಳ್ಮೆಯ ಮಿತಿ ಸ್ವಲ್ಪ ಮೇಲಿದೆ, ಅಷ್ಟೇ.

ಮಿಶ್ರತಳಿಗಳಲ್ಲಿ ಜೆರ್ಸಿ ಹಸು ಎಚ್.ಎಫ್.ಗಿಂತ ಬಿಸಿಲನ್ನು ಚೆನ್ನಾಗಿ ತಾಳುತ್ತದೆ. ವಿದೇಶಿ ರಕ್ತದ ಪಾಲು ಹೆಚ್ಚಿದಷ್ಟೂ, ಹಾಲು ಹೆಚ್ಚಿದಷ್ಟೂ ಸೆಕೆಯ ಕಷ್ಟ ಹೆಚ್ಚು. ಎಮ್ಮೆಯದು ಬೇರೆಯೇ ಕತೆ. ಕಪ್ಪು ಚರ್ಮ ಬಿಸಿಲನ್ನು ಹೀರುತ್ತದೆ, ಬೆವರಿನ ಗ್ರಂಥಿಗಳು ಕಡಿಮೆ. ಅದಕ್ಕೇ ಎಮ್ಮೆ ಕೆರೆಗೆ ಇಳಿಯುವುದು. ಕೆರೆ ಒಣಗಿದ ಊರಿನಲ್ಲಿ ದಿನಕ್ಕೆ ಎರಡು ಮೂರು ಸಲ ಮೈಮೇಲೆ ನೀರು ಸುರಿಯದೆ ಎಮ್ಮೆಯನ್ನು ಸಾಕುವುದು ಅದಕ್ಕೆ ಹಿಂಸೆಯೇ.

ಬಿಸಿಲು ತಾಗಿದ ಗುರುತುಗಳು

ಹಸುವಿನ ಪಕ್ಕೆಯನ್ನು ನೋಡುತ್ತ ಒಂದು ನಿಮಿಷ ಉಸಿರು ಎಣಿಸುವುದು ಎಲ್ಲರೂ ಮಾಡಬಹುದಾದ ಪರೀಕ್ಷೆ.

• ನಿಮಿಷಕ್ಕೆ 40ರೊಳಗೆ ಇದ್ದರೆ ಚಿಂತೆಯಿಲ್ಲ.
• 60 ದಾಟಿದರೆ ಸೆಕೆ ತಾಗಿದೆ. ನೆರಳು, ನೀರು, ಗಾಳಿ ಹೆಚ್ಚಿಸಬೇಕು.
• 80 ದಾಟಿ, ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೆ ಕೂಡಲೇ ಮೈಗೆ ನೀರು ಹಾಕಬೇಕು.
• 120ರ ಹತ್ತಿರ ಬಂದು, ಬಾಯಿ ತೆರೆದು ನಾಲಿಗೆ ಚಾಚಿದ್ದರೆ ಪ್ರಾಣಾಪಾಯ.

ಹಸುವಿನ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಪಶುವೈದ್ಯರನ್ನು ಕರೆಯಬೇಕು.

ಡೇರಿಯಲ್ಲಿ ಹಾಲಿನ ಅಳತೆ ಇಳಿದದ್ದು ಗೊತ್ತಾಗುವುದು ಬಿಸಿಲು ತಾಗಿದ ಒಂದೆರಡು ದಿನದ ಮೇಲೆ. ಆಗ ಹಿಂಡಿ ಹೆಚ್ಚಿಸಿ ಪ್ರಯೋಜನವಿಲ್ಲ, ಒಳಗಿನ ಶಾಖ ಇನ್ನಷ್ಟು ಏರುತ್ತದೆ. ಬೇಸಿಗೆಯಲ್ಲಿ ಬೆದೆಯ ಲಕ್ಷಣಗಳು ಹೊರಗೆ ಕಾಣದ ಮೂಕ ಬೆದೆ ಹೆಚ್ಚು, ಗಬ್ಬ ನಿಲ್ಲುವುದು ಕಡಿಮೆ. ಹಸುವೊಂದು ಗಬ್ಬ ಕಟ್ಟಲಿಲ್ಲವೆಂದು ಮಾರಾಟಕ್ಕೆ ಹಚ್ಚುವ ಮೊದಲು, ಬೇಸಿಗೆ ಕಳೆದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸುವುದು ನ್ಯಾಯ.

ನೆರಳು ಮತ್ತು ಗಾಳಿ

ಮರದ ನೆರಳಿಗೆ ಸಮನಾದದ್ದಿಲ್ಲ. ಹೊಂಗೆ, ಬೇವು, ಹುಣಸೆ, ಮಾವಿನ ಕೆಳಗೆ ಬಿಸಿಲೂ ಇಲ್ಲ, ಗಾಳಿಗೆ ಅಡ್ಡಿಯೂ ಇಲ್ಲ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ದನ ಕಟ್ಟುವವರು ಒಂದು ಎಚ್ಚರ ವಹಿಸಬೇಕು. ಔಷಧಿ ಸಿಂಪಡಿಸಿದ ತೋಪಿನ ಹುಲ್ಲನ್ನು ಮೇಯಿಸಬಾರದು. ನೀಲಗಿರಿ ತೋಪಿನ ನೆರಳು ತೆಳು, ಅದನ್ನು ನಂಬುವಂತಿಲ್ಲ.

ಮನೆಗೆ ಆನಿಸಿ ಹಾಕಿದ ಗಿಡ್ಡ ತಗಡಿನ ಚಾವಣಿ ಮಧ್ಯಾಹ್ನ ಕಾದ ಹೆಂಚಿನಂತಾಗುತ್ತದೆ. ಅದರ ಮೇಲೆ ತೆಂಗಿನ ಗರಿ ಅಥವಾ ಸೋಗೆ ಹೊದಿಸುವುದು, ಹೊರಮೈಗೆ ಸುಣ್ಣ ಬಳಿಯುವುದು, ಪಡುವಣ ದಿಕ್ಕಿಗೆ ಹಸಿರು ನೆರಳು ಬಲೆ ಕಟ್ಟುವುದು ಕಡಿಮೆ ಖರ್ಚಿನ ಉಪಾಯಗಳು. ಗರಿ ಹೊದಿಸಿದಲ್ಲಿ ಬೆಂಕಿಯ ಎಚ್ಚರ ಬೇಕು. ಹೊಸದಾಗಿ ಕೊಟ್ಟಿಗೆ ಕಟ್ಟುವವರು ಚಾವಣಿಯನ್ನು 10–12 ಅಡಿ ಎತ್ತರಿಸಿ, ಉದ್ದವನ್ನು ಪೂರ್ವ–ಪಶ್ಚಿಮವಾಗಿ ಇಟ್ಟು, ಬದಿಗಳನ್ನು ತೆರೆದಿಡಬೇಕು.

ಕೋಲಾರದ ರೇಷ್ಮೆ ಬೆಳೆಗಾರರಿಗೆ ಹುಳುಮನೆಯನ್ನು ತಂಪಾಗಿಡುವ ವಿದ್ಯೆ ಹೊಸದೇನಲ್ಲ. ಒದ್ದೆ ಗೋಣಿ ಕಟ್ಟುತ್ತಾರೆ, ಚಾವಣಿಗೆ ಗರಿ ಹಾಕುತ್ತಾರೆ. ಹುಳುವಿಗೆ ತೋರುವ ಕಾಳಜಿಯಲ್ಲಿ ಅರ್ಧದಷ್ಟನ್ನು ಹಸುವಿಗೆ ತೋರಿದರೂ ಸಾಕು. ಆದರೆ ಕೊಟ್ಟಿಗೆಯ ಎಲ್ಲ ಬದಿಗೂ ಒದ್ದೆ ಗೋಣಿ ಕಟ್ಟಿ ಗಾಳಿ ಮುಚ್ಚಬಾರದು. ಗಾಳಿಯಾಡದ ತೇವ ಸೆಕೆಯನ್ನು ಹೆಚ್ಚಿಸುತ್ತದೆ. ಮೈ ತೋಯಿಸಿ ಫ್ಯಾನ್ ಹಾಕಿ, ಮೈ ಆರಿದ ಮೇಲೆ ಮತ್ತೆ ತೋಯಿಸುವುದು ಸರಿಯಾದ ಕ್ರಮ.

ನೀರು

ಹಾಲಿನಲ್ಲಿ ಸುಮಾರು ಶೇ. 87 ಭಾಗ ನೀರೇ. ದಿನಕ್ಕೆ 10–12 ಲೀಟರ್ ಹಾಲು ಕೊಡುವ ಹಸುವಿಗೆ ಬೇಸಿಗೆಯಲ್ಲಿ 80ರಿಂದ 100 ಲೀಟರ್ ಕುಡಿಯುವ ನೀರು ಬೇಕು. ಬೆಳಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ಕಲಗಚ್ಚು ಕೊಟ್ಟರೆ ಅದರ ಕಾಲು ಭಾಗವೂ ಆಗುವುದಿಲ್ಲ. ಹೊತ್ತುಹೊತ್ತಿಗೆ ತಂದು ಕುಡಿಸುವುದಕ್ಕಿಂತ, ಬಾಯಿಗೆ ನಿಲುಕುವಂತೆ ತೊಟ್ಟಿಯಲ್ಲಿ ನೀರು ಸದಾ ಇರುವುದು ಮುಖ್ಯ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಮಳೆ ಬಂದಾಗ ಹರಿಯುವ ಹೊಳೆಗಳು. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ, ವಿದ್ಯುತ್ ಬಂದಾಗಲಷ್ಟೇ ನೀರು. ಆದ್ದರಿಂದ ನೀರು ಸಂಗ್ರಹಿಸುವ ತೊಟ್ಟಿ ಅಗತ್ಯ. ತೊಟ್ಟಿ ನೆರಳಿನಲ್ಲಿರಬೇಕು. ಬಿಸಿಲಿನಲ್ಲಿಟ್ಟ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುವಷ್ಟು ಕಾದಿರುತ್ತದೆ, ಹಸು ಮೂಸಿ ನೋಡಿ ಬಿಡುತ್ತದೆ. ಕೊಳವೆ ಮತ್ತು ಟ್ಯಾಂಕಿಗೆ ಗೋಣಿ ಸುತ್ತಿದರೆ ಈ ತೊಂದರೆ ತಪ್ಪುತ್ತದೆ.

ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಈ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಉದ್ದೇಶ ಅಂತರ್ಜಲ ಮರುಪೂರಣ. ಅಂಥ ಕೆರೆಯಿಂದ ನೇರವಾಗಿ ದನಗಳಿಗೆ ಕುಡಿಸುವ ಬದಲು ಶುದ್ಧ ನೀರಿನ ತೊಟ್ಟಿಯನ್ನು ಬಳಸುವುದು ಒಳ್ಳೆಯದು.

ಮೇವು

• ದಿನದ ಮೇವಿನಲ್ಲಿ ಮುಕ್ಕಾಲು ಪಾಲನ್ನು ಬೆಳಗ್ಗೆ 8ರೊಳಗೆ ಮತ್ತು ಸಂಜೆ 6ರ ನಂತರ ಕೊಡಿ. ಮಧ್ಯಾಹ್ನ ಹಸಿ ಮೇವು ಸ್ವಲ್ಪ ಸಾಕು.
• ರಾಗಿ ಹುಲ್ಲನ್ನು ಕತ್ತರಿಸಿ, ನೀರು ಚಿಮುಕಿಸಿ ಕೊಟ್ಟರೆ ಚೆನ್ನಾಗಿ ತಿನ್ನುತ್ತದೆ.
• ಜೊಲ್ಲು, ಬೆವರಿನಲ್ಲಿ ಲವಣ ಹೋಗುತ್ತದೆ. ಹಾಲಿನ ಹಸುವಿಗೆ ದಿನಕ್ಕೆ 30–50 ಗ್ರಾಂ ಉಪ್ಪು, ಜೊತೆಗೆ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಖನಿಜ ಮಿಶ್ರಣ ಕೊಡಿ.
• ನೀರಿಲ್ಲದೆ ಬಾಡಿದ ಎಳೆ ಜೋಳದ ಪೈರು, ಕೊಯ್ದ ಜೋಳದ ಕೂಳೆಯ ಹೊಸ ಚಿಗುರು ವಿಷ. ಅದನ್ನು ಮೇಯ್ದ ದನ ನಿಮಿಷಗಳಲ್ಲಿ ಸಾಯಬಹುದು.
• ಮಾವಿನ ಕಾಲದಲ್ಲಿ ಮಂಡಿಗಳ ಹಿಂದೆ ಬಿದ್ದ ಹಣ್ಣು ತಿನ್ನುವ ದನಗಳ ಗಂಟಲಲ್ಲಿ ವಾಟೆ ಸಿಕ್ಕಿಕೊಳ್ಳುವುದುಂಟು. ಹೊಟ್ಟೆ ಉಬ್ಬರಿಸಿ, ಜೊಲ್ಲು ಸುರಿಸುತ್ತ ಕತ್ತು ಚಾಚಿದರೆ ತಡಮಾಡದೆ ವೈದ್ಯರನ್ನು ಕರೆಯಿರಿ.
• ಬೆಲೆ ಬಿದ್ದಾಗ ರಸ್ತೆಬದಿಗೆ ಸುರಿಯುವ ಟೊಮೆಟೊವನ್ನು ಹೊಟ್ಟೆ ತುಂಬ ತಿನ್ನಲು ಬಿಡಬೇಡಿ.

ಗೋಮಾಳ, ಗೋಕಟ್ಟೆ

ಗಂಗರ ಶಾಸನಗಳ ಕುವಲಾಲಪುರವೇ ಇಂದಿನ ಕೋಲಾರ. ಗಂಗರಾಜ್ಯದ ಸ್ಥಾಪನೆಗೆ ಸಿಂಹನಂದಿ ಆಚಾರ್ಯರು ನೆರವಾದರೆಂಬ ಪರಂಪರೆ ಜೈನರಿಗೆ ಪರಿಚಿತ. ಈ ನಾಡಿನಲ್ಲಿ ತುರುಗಳನ್ನು ಬಿಡಿಸಿಕೊಳ್ಳಲು ಹೋರಾಡಿ ಮಡಿದವರ ವೀರಗಲ್ಲುಗಳು ಊರೂರಲ್ಲಿ ನಿಂತಿವೆ. ದನವೇ ಐಶ್ವರ್ಯವಾಗಿದ್ದ ಸೀಮೆಯಿದು. ಊರಿಗೊಂದು ಗೋಮಾಳ, ಮಳೆನೀರು ನಿಲ್ಲುವ ಗೋಕಟ್ಟೆ, ಕಟ್ಟೆಯ ಮೇಲೊಂದು ಮರ ಇದ್ದ ಕಾಲದಲ್ಲಿ ಹಸು ತನ್ನ ಬೇಸಿಗೆಯನ್ನು ತಾನೇ ನಿಭಾಯಿಸುತ್ತಿತ್ತು. ನೂರು ಜಾನುವಾರುಗಳಿಗೆ 30 ಎಕರೆ ಗೋಮಾಳ ಇರಬೇಕೆಂಬ ನಿಯಮ ಇಂದಿಗೂ ಕಾಗದದಲ್ಲಿದೆ. ನೆಲದ ಮೇಲೆ ಗೋಮಾಳ ಕರಗಿದೆ, ಗೋಕಟ್ಟೆ ಹೂಳು ತುಂಬಿದೆ. ಹಸು ಗೂಟಕ್ಕೆ ಬಂದದ್ದು ಹೀಗೆ. ಗೋಕಟ್ಟೆಯ ಹೂಳೆತ್ತಿಸಿ ದಡದಲ್ಲಿ ಹೊಂಗೆ ನೆಡುವುದು ಒಂದೂರಿನ ಎಲ್ಲ ದನಗಳಿಗೂ ಸಲ್ಲುವ ಕೆಲಸ.

ಅಣುವ್ರತದ ದೃಷ್ಟಿಯಿಂದ

ಅಹಿಂಸಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿರುವ ಐದು ಅತಿಚಾರಗಳಲ್ಲಿ ಮೂರು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ: ಕಟ್ಟಿಹಾಕುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಬಿಸಿಲಿನಲ್ಲಿ ಕಟ್ಟಿ ಮರೆತದ್ದು, ತೊಟ್ಟಿ ಬರಿದಾದದ್ದನ್ನು ನೋಡದೆ ಹೋದದ್ದು, ಹೊಡೆದಷ್ಟೇ ಹಿಂಸೆ ಎಂಬ ಅರಿವು ಆ ಪಟ್ಟಿಯಲ್ಲಿದೆ. ಹೊರೆಯ ವಿಷಯದಲ್ಲಿ ಇಂದಿನ ಕಾನೂನೂ ಮಾತಾಡುತ್ತದೆ. ಎಳೆಯುವ ಮತ್ತು ಹೊರುವ ಪ್ರಾಣಿಗಳ ಕುರಿತ 1965ರ ಕೇಂದ್ರ ನಿಯಮಗಳ ಪ್ರಕಾರ, ಉಷ್ಣಾಂಶ 37 ಡಿಗ್ರಿ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಅವುಗಳಿಂದ ದುಡಿಸುವಂತಿಲ್ಲ. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸುವಂತೆಯೂ ಇಲ್ಲ.

ಕೊಟ್ಟಿಗೆಯ ನೆರಳು ಹಾಲು ಕೊಡುವ ಹಸುವಿಗೆ ಮೊದಲು ಸಿಗುತ್ತದೆ. ಹಾಲು ಬತ್ತಿದ ಹಸು, ಮುದಿ ಎತ್ತು, ಗಂಡು ಕರು ಹೊರಗೆ ಬಿಸಿಲಿನಲ್ಲಿರುತ್ತವೆ. ನೀರಿನ ಸರದಿಯಲ್ಲೂ ಅವು ಕೊನೆ. ಮನೆಯಲ್ಲಾಗಲಿ ಗೋಶಾಲೆಯಲ್ಲಾಗಲಿ ಮೊದಲು ನೋಡಬೇಕಾದ್ದು ಇವನ್ನೇ.

ಗೋಶಾಲೆಗೆ ನೆರವಾಗುವವರಿಗೆ

ಮಹಾವೀರ ಜಯಂತಿ ಮತ್ತು ಅಕ್ಷಯ ತೃತೀಯ ಎರಡೂ ಬೇಸಿಗೆಯಲ್ಲೇ ಬರುತ್ತವೆ. ಅಂದು ಅನೇಕ ಕುಟುಂಬಗಳು ಗೋಶಾಲೆಗೆ ಹೋಗುತ್ತವೆ. ಪ್ರೀತಿಯಿಂದ ಒಯ್ಯುವ ಅನ್ನ, ಪಾಯಸ, ಬೆಲ್ಲ, ಅಕ್ಕಿಯನ್ನು ಹಸು ಒಮ್ಮೆಗೇ ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಆಮ್ಲತೆ ಏರಿ ಸಾಯಲೂಬಹುದು. ಹಸಿ ಹುಲ್ಲು, ಒಣ ಹುಲ್ಲು ಒಯ್ಯಿರಿ. ಪ್ಲಾಸ್ಟಿಕ್ ಚೀಲವನ್ನು ಅಲ್ಲಿ ಬಿಡಬೇಡಿ.

ಹಣ ಕೊಡುವವರಿಗೆ ಒಂದು ಲೆಕ್ಕ. ಹಾಲು ಕೊಡದ 100 ಹಸುಗಳಿರುವ ಗೋಶಾಲೆಯಲ್ಲಿ ತಲೆಗೆ 50 ಲೀಟರಿನಂತೆ ಬೇಸಿಗೆಯಲ್ಲಿ ದಿನಕ್ಕೆ 5,000 ಲೀಟರ್ ಕುಡಿಯುವ ನೀರು ಬೇಕು. ಅಂದರೆ ದಿನಕ್ಕೊಂದು ಟ್ಯಾಂಕರ್. ತಲೆಗೆ 5 ಕಿಲೋ ಒಣ ಹುಲ್ಲೆಂದರೆ ಎರಡು ತಿಂಗಳಿಗೆ 30 ಟನ್. ರಾಗಿ ಕಟಾವು ಮುಗಿದ ಡಿಸೆಂಬರ್–ಜನವರಿಯಲ್ಲಿ ಹುಲ್ಲು ಸುಲಭವಾಗಿ ಸಿಗುತ್ತದೆ, ಏಪ್ರಿಲ್‌ನಲ್ಲಿ ದುಬಾರಿ. ಅದೇ ಹಣವನ್ನು ಜನವರಿಯಲ್ಲಿ ಕೊಟ್ಟರೆ ಗೋಶಾಲೆಯವರು ಹೆಚ್ಚು ಹುಲ್ಲು ಕೊಂಡು ಮೆದೆ ಹಾಕಿಟ್ಟುಕೊಳ್ಳಬಹುದು. ಫಲಕದಲ್ಲಿ ಹೆಸರು ಬರೆಸುವ ಆಸೆಯಿದ್ದವರು ಕಮಾನಿಗೆ ಕೊಡುವ ಬದಲು ನೆರಳಿನ ನೀರುತೊಟ್ಟಿಗೆ ಕೊಡಬಹುದು.

ತುರ್ತು ಸಂದರ್ಭದಲ್ಲಿ

1. ಹಸುವನ್ನು ನಡೆಸದೆ, ಹತ್ತಿರದ ನೆರಳಿಗೆ ಮೆಲ್ಲಗೆ ತನ್ನಿ. ಬಿದ್ದಿದ್ದರೆ ಅಲ್ಲೇ ನೆರಳು ಮಾಡಿ.
2. ಕತ್ತು, ಬೆನ್ನು, ಪಕ್ಕೆ, ಕಾಲುಗಳ ಮೇಲೆ ತಣ್ಣೀರನ್ನು ಮತ್ತೆ ಮತ್ತೆ ಸುರಿಯಿರಿ, ಗಾಳಿ ಹಾಕಿ. ಒದ್ದೆ ಗೋಣಿ ಹೊದಿಸಿ ಹಾಗೇ ಬಿಡಬೇಡಿ.
3. ನೀರನ್ನು ಮುಂದಿಡಿ, ತಾನಾಗಿ ಕುಡಿಯಲಿ. ಏದುಸಿರು ಬಿಡುವ ಹಸುವಿಗೆ ಗೊಟ್ಟದಲ್ಲಿ ನೀರು ಸುರಿದರೆ ಶ್ವಾಸಕೋಶಕ್ಕೆ ಹೋಗಿ ಸಾಯಬಹುದು.
4. ರಾಜ್ಯದ ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ. ಊರಿನ ಹೆಸರು, ಉಸಿರಿನ ಎಣಿಕೆ, ಗಬ್ಬವಿದ್ದರೆ ಎಷ್ಟು ತಿಂಗಳು ಎಂಬುದನ್ನು ತಿಳಿಸಿ.
5. ಚೇತರಿಸಿಕೊಂಡ ಹಸುವಿಗೆ ಆ ದಿನ ಹಿಂಡಿ ಬೇಡ. ಹಸಿ ಹುಲ್ಲು, ನೀರು, ನೆರಳು ಸಾಕು.